ಕೊಳವೆಯ ಮೇಲೆ ಕೈಯಿಟ್ಟು ನೋಡಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಒಂಬತ್ತನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಅಡ್ಡ ಕಟ್ಟಿದ ಹಗ್ಗಕ್ಕೆ ಮೂರು ಕಲ್ಲು ನೇತು ಹಾಕಿದರು. ಎರಡರ ದಾರ ಒಂದೇ ಉದ್ದ, ಮೂರನೆಯದು ಗಿಡ್ಡ. ಮೊದಲ ಕಲ್ಲನ್ನು ತೂಗಿಬಿಟ್ಟರೆ, ಯಾರೂ ಮುಟ್ಟದಿದ್ದರೂ ಅದೇ ಉದ್ದದ ಇನ್ನೊಂದು ಕಲ್ಲು ಜೋರಾಗಿ ತೂಗತೊಡಗಿತು. ಗಿಡ್ಡ ದಾರದ್ದು ಹೆಚ್ಚು ಕದಲಲಿಲ್ಲ. ಬೋರ್ಡಿನ ಮೇಲೆ 'ಅನುರಣನೆ' ಎಂದು ಬರೆದರು. ನಾವು ಎರಡು ಅಂಕದ ಪ್ರಶ್ನೆ ಎಂದು ಬಾಯಿಪಾಠ ಮಾಡಿದೆವು. ಇಂದು ನಾನು ಉಣ್ಣುತ್ತಿರುವ ಅನ್ನ ಅದರದೇ. ಪಂಪುಗಳ ಕಂಪನವನ್ನು ಅಳೆದು ವಿಶ್ಲೇಷಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ.

ಪರಮಾಣು ವಿದ್ಯುತ್ ಸ್ಥಾವರದಲ್ಲಿ ಪಂಪಿಗೆ ದೊಡ್ಡ ಜವಾಬ್ದಾರಿಯಿದೆ. ರಿಯಾಕ್ಟರ್ ನಿಲ್ಲಿಸಿದರೂ ಇಂಧನದ ಕಾವು ತಕ್ಷಣ ಆರುವುದಿಲ್ಲ. ನೀರು ಹರಿಯುತ್ತಲೇ ಇರಬೇಕು. ಪಂಪು ಅದುರಿದರೆ ಅದಕ್ಕೆ ಸೇರಿದ ಕೊಳವೆಯೂ ಅದುರುತ್ತದೆ. ಅಪಾಯ ಹೆಚ್ಚಾಗಿ ದೊಡ್ಡ ಕೊಳವೆಗಲ್ಲ, ಅದಕ್ಕೆ ಬೆಸುಗೆ ಹಾಕಿದ ಬೆರಳು ಗಾತ್ರದ ಸಣ್ಣ ಕೊಳವೆಗೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ತುಂಡಾಗುವುದಿಲ್ಲವೇ? ಇದೇ ಲೋಹದ ಆಯಾಸ.

ಆದ್ದರಿಂದ ನಾವು ಕೇಳುವ ಪ್ರಶ್ನೆ ಮೂರು. ಎಷ್ಟು ಅದುರುತ್ತಿದೆ? ಯಾವ ಲಯದಲ್ಲಿ? ಎಷ್ಟು ಸಲ? ನಿಮಿಷಕ್ಕೆ 1500 ಸುತ್ತು ತಿರುಗುವ ಪಂಪು ಸೆಕೆಂಡಿಗೆ 25 ಸಲ ತಳ್ಳುತ್ತದೆ. ಅದಕ್ಕೆ ಐದು ಎಲೆಗಳಿದ್ದರೆ 125 ಸಲ ನೀರಿನ ಪೆಟ್ಟೂ ಬೀಳುತ್ತದೆ. ಕೊಳವೆಯ ಸ್ವಂತ ಲಯ ಇವೆರಡರಲ್ಲಿ ಒಂದಕ್ಕೆ ಕೂಡಿಬಂದರೆ, ಮೇಷ್ಟ್ರ ಎರಡನೇ ಕಲ್ಲಿನ ಕಥೆಯೇ. ಆಗ ಆಧಾರದ ಕ್ಲ್ಯಾಂಪ್ ಸೇರಿಸಿಯೋ ಜಾಗ ಬದಲಿಸಿಯೋ ಆ ಲಯ ತಪ್ಪಿಸಬೇಕು.

ಇನ್ನು ಎಣಿಕೆ. ನಮ್ಮ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದು ವಿಶ್ವದಾಖಲೆ ಮಾಡಿತು. 1500 ಸುತ್ತಿನ ಪಂಪೊಂದು ಅಷ್ಟು ದಿನ ಓಡಿದರೆ ಸುಮಾರು 208 ಕೋಟಿ ಸುತ್ತು! ಅಷ್ಟು ಸಲ ಬಾಗಿದರೂ ಬಿರುಕು ಬಿಡದಷ್ಟು ಕಡಿಮೆ ಒತ್ತಡದಲ್ಲಿ ಪ್ರತಿ ಬೆಸುಗೆಯೂ ಇರಬೇಕು.

ತಪ್ಪಿದರೆ ಏನಾಗುತ್ತದೆ? 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾದಲ್ಲಿ ಆಯಾಸಗೊಂಡ ಟರ್ಬೈನಿನ ಎರಡು ಅಲಗುಗಳು ಮುರಿದವು. ತೂಕ ತಪ್ಪಿದ ಟರ್ಬೈನ್ ವಿಪರೀತ ಅದುರಿ ಹೈಡ್ರೋಜನ್ ಸೋರಿತು, ಬೆಂಕಿ ಹತ್ತಿತು, ಕೇಬಲ್‌ಗಳು ಸುಟ್ಟವು. 17 ಗಂಟೆ ಸ್ಥಾವರಕ್ಕೇ ವಿದ್ಯುತ್ ಇರಲಿಲ್ಲ. ಸಿಬ್ಬಂದಿ ಬೆಂಕಿ ನಂದಿಸುವ ಡೀಸೆಲ್ ಪಂಪುಗಳಿಂದ ನೀರು ಹಾಯಿಸಿ ಕಾವು ಇಳಿಸಿದರು. ವಿಕಿರಣ ಹೊರಬೀಳಲಿಲ್ಲ. ಆದರೆ ಮೂಲ ಎಲ್ಲಿ? ಕಣ್ಣಿಗೆ ಕಾಣದ ಬಿರುಕಿನಲ್ಲಿ.

ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಕಾರ್ಖಾನೆಯ ಪಂಪಿಗೆ ಪದೇ ಪದೇ ಎಚ್ಚರಿಕೆ ಬರುತ್ತಿತ್ತು. ಕಿರಿಕಿರಿ ಎಂದು ಗಂಟೆಯ ಸರಾಸರಿ ಮಾತ್ರ ತೋರುವಂತೆ ಪ್ರೋಗ್ರಾಂ ಬದಲಿಸಿದೆ. ಪರದೆ ಹಸಿರಾಯಿತು. ಅಲ್ಲಿನ ಹಿರಿಯ ಫಿಟ್ಟರ್ ಒಬ್ಬರು, "ಸಾರ್, ಒಂದ್ಸಲ ಬಂದು ಪೈಪಿನ ಮೇಲೆ ಕೈ ಇಡಿ" ಎಂದರು. ಪಂಪು ಶುರುವಾಗುವಾಗ ಕೆಲವು ಸೆಕೆಂಡು ಸಣ್ಣ ಕೊಳವೆ ಥರಥರ ನಡುಗುತ್ತಿತ್ತು. ಪರೀಕ್ಷಿಸಿದರೆ, ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ನನ್ನ ಸರಾಸರಿ ಅದನ್ನೇ ನುಂಗಿತ್ತು. ಆ ದಿನ ನನಗೆ ನಮ್ಮಪ್ಪ ನೆನಪಾದರು. ಗದ್ದೆಯ ಬದುವಿನಲ್ಲಿ ನಿಂತೇ, "ಮೋಟರ್ ಸದ್ದು ಬೇರೆ ಐತೆ, ಹೋಗಿ ಬೋಲ್ಟ್ ನೋಡು" ಎನ್ನುತ್ತಿದ್ದರು.

ಮಕ್ಕಳೇ, ಕಂಪ್ಯೂಟರ್ ಲೆಕ್ಕ ಮಾಡುತ್ತದೆ. ಏನನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಹೇಳುವವರು ನಾವು. ಸದ್ದು ಬೇರೆಯಿದೆ ಎನಿಸಿದರೆ ಬಾಯಿಬಿಟ್ಟು ಹೇಳಿ. ಹಾಗೆ ಹೇಳಿದವರನ್ನು ದೊಡ್ಡವರು ಗದರಿಸದಿರಲಿ. ಮೂರು ಕಲ್ಲು, ಒಂದು ಹಗ್ಗದಲ್ಲಿ ಇದನ್ನೆಲ್ಲ ಕಲಿಸಿದ ಈ ಶಾಲೆಗೆ, ನನ್ನ ಮೇಷ್ಟ್ರಿಗೆ ಶಿರಬಾಗಿ ವಂದಿಸಿ ಮಾತು ಮುಗಿಸುತ್ತೇನೆ.