ಸಂಬಳದ ಚೀಟಿಯನ್ನು ಓದಿ ನೋಡಿ

(ದಾವಣಗೆರೆಯಲ್ಲಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಈ ಸಂಜೆ ನಾನು ದೊಡ್ಡ ಮಾತು ಆಡಲು ಬಂದಿಲ್ಲ. ಬೆಲೆಯೇರಿಕೆಯನ್ನು ಕುರಿತು, ಚುನಾವಣೆಯನ್ನು ಕುರಿತು ಮಾತನಾಡುವವರು ನನ್ನ ನಂತರ ಇದ್ದಾರೆ. ನನ್ನ ಕೈಯಲ್ಲಿರುವುದು ಒಂದು ಚೀಟಿ, ಅಷ್ಟೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ನಮ್ಮ ಸೋದರಿಯೊಬ್ಬರು ಇದನ್ನು ನಾಲ್ಕು ಮಡಿಕೆ ಮಾಡಿ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಬಂದು ನನ್ನ ಕೈಗಿತ್ತರು. "ಅಣ್ಣಾ, ಇದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು, ಹೇಳಿ" ಎಂದರು. ಗುಮಾಸ್ತರನ್ನು ಕೇಳಿದ್ದರಂತೆ. "ಎಲ್ಲರಿಗೂ ಹಾಗೇ" ಎಂಬ ಉತ್ತರ ಬಂದಿತಂತೆ.

ಎಲ್ಲರಿಗೂ ಹಾಗೇ ಎಂಬುದು ಉತ್ತರವಲ್ಲ. ಎಲ್ಲರಿಗೂ ತಪ್ಪಾಗಿದ್ದರೆ ಅದು ಸರಿಯಾಗಿಬಿಡುವುದೇ?

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದನ್ನು ನೀವು ಹಿರಿಯರಿಂದ ಕೇಳಿದ್ದೀರಿ. ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಆ ಹೋರಾಟದ ಬುಡದಲ್ಲಿ ಇದ್ದದ್ದು ಒಂದು ಕೊಳಗ. ಗೇಣಿಯ ಭತ್ತವನ್ನು ಯಾವ ಕೊಳಗದಿಂದ ಅಳೆಯಬೇಕು, ಅದು ಎಷ್ಟು ಸೇರಿನದಾಗಿರಬೇಕು ಎಂಬ ಪ್ರಶ್ನೆ. ಅಳತೆ ಮಾಡುವವನ ಕೈಯಲ್ಲೇ ಕೊಳಗವೂ ಇದ್ದರೆ ಏನಾಗುತ್ತದೆ ಎಂದು ಆ ರೈತರಿಗೆ ಗೊತ್ತಿತ್ತು. ಗಿರಣಿಯಲ್ಲಿ ನಮ್ಮ ಕೊಳಗ ಈ ಚೀಟಿ. ಆದರೆ ನಮ್ಮಲ್ಲಿ ಹೆಚ್ಚಿನವರು ಕೆಳಗಿನ ಕೊನೆಯ ಅಂಕಿಯನ್ನು ಮಾತ್ರ ನೋಡಿ ಮಡಚಿಡುತ್ತೇವೆ. ಈಗಂತೂ ಹಣ ನೇರವಾಗಿ ಬ್ಯಾಂಕಿಗೆ ಬೀಳುವುದರಿಂದ ಚೀಟಿಯನ್ನು ಕೇಳುವ ರೂಢಿಯೇ ತಪ್ಪುತ್ತಿದೆ.

ಈಗ ಲೆಕ್ಕಕ್ಕೆ ಬರೋಣ. ನಾನು ಹೇಳುವ ದರಗಳು 2025-26ನೇ ಸಾಲಿನವು. ಬಜೆಟ್ಟು ಬಂದಾಗ ಇವು ಬದಲಾಗಬಹುದು. ಆದ್ದರಿಂದ ಅಂಕಿಯ ಪಕ್ಕದಲ್ಲಿ ವರ್ಷವನ್ನೂ ಬರೆದುಕೊಳ್ಳಿ.

ಈ ಸೋದರಿಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000 ರೂಪಾಯಿ. ಬೇರೆ ಭತ್ಯೆ ಇಲ್ಲ. ಕಡಿತಗಳು ಹೀಗಿವೆ: ಪ್ರಾವಿಡೆಂಟ್ ಫಂಡು 1,800, ಇ.ಎಸ್.ಐ. 113, ವೃತ್ತಿ ತೆರಿಗೆ 200. ಒಟ್ಟು 2,113 ಹೋಗಿ ಕೈಗೆ ಬಂದದ್ದು 12,887.

ಮೊದಲನೆಯದು ಸರಿ. ನೂರಕ್ಕೆ 12ರಂತೆ 15,000ಕ್ಕೆ 1,800 ಆಗುತ್ತದೆ. ಇದು ತೆರಿಗೆಯಲ್ಲ, ನಿಮ್ಮದೇ ಹಣ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಫಂಡಿನ ಹಣ ಹಿಂತೆಗೆಯುವುದಕ್ಕೆ ಕೇಂದ್ರ ಸರಕಾರ ತಡೆ ಹಾಕಿದಾಗ, 2016ರ ಏಪ್ರಿಲಿನಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡನೆಯ ದಿನವೇ ಸರಕಾರ ಆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಯಾವ ದೊಡ್ಡ ನಾಯಕರೂ ಅವರನ್ನು ಕರೆದುಕೊಂಡು ಹೋಗಿರಲಿಲ್ಲ ಎಂಬುದನ್ನು ನಮ್ಮಂಥ ಪಕ್ಷದವರು ಸ್ವಲ್ಪ ನಾಚಿಕೆಯಿಂದಲೇ ನೆನೆಯಬೇಕು.

ಎರಡನೆಯದೂ ಸರಿ. ಇ.ಎಸ್.ಐ.ಗೆ ಕೆಲಸಗಾರರ ಪಾಲು 2019ರ ಜುಲೈಯಿಂದ ನೂರಕ್ಕೆ ಮುಕ್ಕಾಲು ರೂಪಾಯಿ. 15,000ಕ್ಕೆ 112 ರೂಪಾಯಿ 50 ಪೈಸೆ. ಚಿಲ್ಲರೆಯನ್ನು ಮೇಲಿನ ರೂಪಾಯಿಗೆ ಏರಿಸುವುದು ನಿಯಮವಾದ್ದರಿಂದ 113. ಅದಕ್ಕೆ ಮೊದಲು ಒಂದೂ ಮುಕ್ಕಾಲು ಇತ್ತು. ಹಳೆಯ ದರದಲ್ಲೇ ಮುರಿಯುವ ಗುಮಾಸ್ತರು ಎಲ್ಲಾದರೂ ಉಳಿದಿದ್ದರೆ 263 ಎಂದು ಬರೆದಿರುತ್ತಾರೆ, ನೋಡಿಕೊಳ್ಳಿ.

ಮೂರನೆಯದು ತಪ್ಪು. ಪೂರ್ತಿ ತಪ್ಪು.

ವೃತ್ತಿ ತೆರಿಗೆ ನಮ್ಮ ರಾಜ್ಯ ಸರಕಾರದ್ದು, 1976ರ ಕಾನೂನಿನದು. ಹಿಂದೆ ತಿಂಗಳಿಗೆ 15,000 ಸಂಬಳವಿದ್ದವರೂ 200 ರೂಪಾಯಿ ಕೊಡಬೇಕಾಗಿತ್ತು. 2023ರ ಏಪ್ರಿಲ್ 1ರಿಂದ ಆ ಮಿತಿಯನ್ನು 25,000ಕ್ಕೆ ಏರಿಸಿದರು. 25,000ಕ್ಕಿಂತ ಕಡಿಮೆ ಸಂಬಳದವರು ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಅದಕ್ಕೂ ಮೇಲಿನವರಿಗೆ 200 ರೂಪಾಯಿ. 2025ರ ಏಪ್ರಿಲಿನಿಂದ ಫೆಬ್ರವರಿ ತಿಂಗಳಲ್ಲಿ ಮಾತ್ರ 300, ವರ್ಷಕ್ಕೆ ಒಟ್ಟು 2,500. ಸಂವಿಧಾನವೇ ಹಾಕಿರುವ ಗರಿಷ್ಠ ಮಿತಿಯೂ ಅದೇ ಆದ್ದರಿಂದ ಫೆಬ್ರವರಿಯ ಆ ನೂರು ರೂಪಾಯಿಗೆ ಗಾಬರಿಯಾಗಬೇಡಿ. ಆದರೆ ಈ ಸೋದರಿಯ ಸಂಬಳ 15,000. ಕಾನೂನು ಬದಲಾಯಿತು, ಕಾರ್ಖಾನೆಯ ಯಂತ್ರದಲ್ಲಿ ಅಂಕಿ ಬದಲಾಗಲಿಲ್ಲ.

ಇನ್ನೂರೇ ತಾನೇ ಎನ್ನಬೇಡಿ. ವರ್ಷಕ್ಕೆ 2,400. ತಿಂಗಳಿಗೆ 26 ದಿನದ ಕೆಲಸವೆಂದರೆ ಅವರ ದಿನಗೂಲಿ ಸುಮಾರು 577 ರೂಪಾಯಿ. ವರ್ಷದಲ್ಲಿ ನಾಲ್ಕು ದಿನಕ್ಕೂ ಹೆಚ್ಚು ಕಾಲ ಅವರು ಬಿಟ್ಟಿ ದುಡಿದ ಹಾಗಾಯಿತು. ಇಂಥ ಐನೂರು ಮಂದಿ ಒಂದೇ ಛಾವಣಿಯ ಕೆಳಗಿದ್ದರೆ ವರ್ಷಕ್ಕೆ 12 ಲಕ್ಷ. ಈ ಹಣ ಸರಕಾರದ ಖಜಾನೆಗೆ ಹೋಗಿದೆಯೇ, ಇಲ್ಲವೇ? ಕಟ್ಟಿದ ಚಲನ್ ತೋರಿಸಿ ಎಂದು ಸಂಘದಿಂದ ಬರೆದು ಕೇಳಬೇಕು. ಕಟ್ಟಿಲ್ಲದಿದ್ದರೆ ಅದು ತೆರಿಗೆಯೇ ಅಲ್ಲ, ಕೂಲಿಯನ್ನು ತಿಂದದ್ದು. ಕಟ್ಟಿದ್ದರೆ ಹಿಂದಕ್ಕೆ ತರುವ ತಲೆನೋವು ತಪ್ಪು ಲೆಕ್ಕ ಹಾಕಿದವರದು, ನಿಮ್ಮದಲ್ಲ.

ವರಮಾನ ತೆರಿಗೆಯ ವಿಷಯ ಬೇಗ ಮುಗಿಸುತ್ತೇನೆ. 2025-26ನೇ ಸಾಲಿನ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ ವರ್ಷಕ್ಕೆ 12,75,000 ರೂಪಾಯಿವರೆಗೆ ತೆರಿಗೆ ಬರುವುದಿಲ್ಲ. ಇಲ್ಲಿ ಕುಳಿತವರಲ್ಲಿ ಅಷ್ಟು ಸಂಬಳದವರು ಯಾರಾದರೂ ಇದ್ದರೆ ಚಂದಾ ಪುಸ್ತಕದ ಹತ್ತಿರ ಬರಬೇಕೆಂದು ಕೋರುತ್ತೇನೆ. ಉಳಿದವರ ಚೀಟಿಯಲ್ಲಿ ಟಿ.ಡಿ.ಎಸ್. ಎಂಬ ಮೂರು ಅಕ್ಷರ ಕಂಡರೆ ಕೂಡಲೇ ಎಚ್ಚರಗೊಳ್ಳಬೇಕು.

ಈಗ ಹೇಳುವುದು ಚೀಟಿಯೇ ಇಲ್ಲದವರ ಮಾತು. ಹಮಾಲಿಗಳು, ತುಂಡುಲೆಕ್ಕದಲ್ಲಿ ಹೊಲಿಯುವವರು, ಮಗ್ಗದ ರಿಪೇರಿಯವರು, ಇವರನ್ನೆಲ್ಲ ಕೆಲವು ಕಡೆ ಪುಸ್ತಕದಲ್ಲಿ ಕೆಲಸಗಾರರೆಂದು ಬರೆಯುವುದಿಲ್ಲ, ಕಂತ್ರಾಟುದಾರರೆಂದು ಬರೆಯುತ್ತಾರೆ. ಬೆಳಗ್ಗೆ ಗಂಟೆ ಹೊಡೆದಾಗ ಬಂದು, ಮೇಸ್ತ್ರಿ ಹೇಳಿದ ಕಡೆ ನಿಂತು, ಸಂಜೆ ಗೇಟಿನಲ್ಲಿ ಚೀಲ ತೋರಿಸಿ ಹೋಗುವ ಮನುಷ್ಯ ಕಂತ್ರಾಟುದಾರ! ವರ್ಷದ ಬಿಲ್ಲು ಒಂದು ಲಕ್ಷ ದಾಟಿದರೆ ಅವನಿಗೆ ಕೊಡುವ ಹಣದಲ್ಲಿ ನೂರಕ್ಕೆ ಒಂದರಂತೆ ಟಿ.ಡಿ.ಎಸ್. ಮುರಿಯುತ್ತಾರೆ. ಪಾನ್ ಕಾರ್ಡು ಕೊಡದಿದ್ದರೆ ಅದೇ ನೂರಕ್ಕೆ 20 ಆಗುತ್ತದೆ. 15,000ದಲ್ಲಿ 3,000!

ಈ ಹಣವನ್ನು ವಾಪಸು ಪಡೆಯಬಹುದು. ನಿಮ್ಮ ಪಾನ್ ಸಂಖ್ಯೆಯ ಮೇಲೆ ಎಷ್ಟು ತೆರಿಗೆ ಜಮೆಯಾಗಿದೆ ಎಂಬುದು ವರಮಾನ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಕಾಣುತ್ತದೆ. ಇಷ್ಟು ವರ್ಷ ಫಾರಂ 26ಎಎಸ್ ಎಂದು ಕರೆದದ್ದು ಅದನ್ನೇ. ತೆರಿಗೆಗೆ ಬಾರದ ವರಮಾನದವರು ರಿಟರ್ನ್ ಸಲ್ಲಿಸಿದರೆ ಮುರಿದದ್ದು ಬ್ಯಾಂಕಿಗೆ ಬರುತ್ತದೆ. ಪಾನ್ ಇಲ್ಲದೆ ಮುರಿಸಿಕೊಂಡ ಹಣ ಯಾರ ಹೆಸರಿಗೂ ಸೇರದೆ ಅಲೆಯುತ್ತದೆ, ಆದ್ದರಿಂದ ಸಂಖ್ಯೆಯನ್ನು ಬರೆದು ಕೊಟ್ಟು ಅದರ ನಕಲು ಇಟ್ಟುಕೊಳ್ಳಿ. ಮಾಲೀಕ ಮುರಿದು ಸರಕಾರಕ್ಕೆ ಕಟ್ಟದೆ ಹೋದರೆ ಅದೇ ತೆರಿಗೆಯನ್ನು ಮತ್ತೆ ನಿಮ್ಮಿಂದ ಕೇಳುವಂತಿಲ್ಲ ಎಂದು ಕಾನೂನಿದೆ. ಆದರೆ ಮುರಿದದ್ದಕ್ಕೆ ನಿಮ್ಮ ಬಳಿ ಕಾಗದ ಇರಬೇಕು.

ಆದರೂ ಈ ನೂರಕ್ಕೆ ಒಂದು ನನ್ನ ದೊಡ್ಡ ಚಿಂತೆಯಲ್ಲ. ತಿಂಗಳಿಗೆ 15,000 ಪಡೆಯುವವನಿಗೆ ಅದು ವರ್ಷಕ್ಕೆ 1,800 ರೂಪಾಯಿ. ಅವನನ್ನು ಕೆಲಸಗಾರನೆಂದು ಬರೆದಿದ್ದರೆ ಮಾಲೀಕನೇ ತನ್ನ ಪಾಲೆಂದು ಫಂಡಿಗೂ ಪಿಂಚಣಿಗೂ ಸೇರಿ ತಿಂಗಳಿಗೆ 1,800 ಹಾಕಬೇಕಾಗಿತ್ತು, ವರ್ಷಕ್ಕೆ 21,600. ಟಿ.ಡಿ.ಎಸ್. ಎಂಬ ಅಕ್ಷರ ಹೇಳುತ್ತಿರುವುದು ಇದನ್ನು. ಸಣ್ಣದನ್ನು ಮುರಿದದ್ದು ಕಾಣುತ್ತದೆ, ದೊಡ್ಡದನ್ನು ಕೊಡದೆ ಉಳಿಸಿಕೊಂಡದ್ದು ಕಾಣುವುದಿಲ್ಲ. ನಮ್ಮವರಲ್ಲೇ ಕೆಲವರು "ಫಂಡು ಬೇಡ, ಕೈಗೆ ಪೂರ್ತಿ ಕೊಡಿ" ಎಂದು ಕೇಳುತ್ತಾರೆ. ಮನೆಯ ಬಾಡಿಗೆ, ಮಕ್ಕಳ ಫೀಜು ನಾಳೆಯೇ ಕಟ್ಟಬೇಕಾದವರಿಗೆ ಅರವತ್ತನೆಯ ವಯಸ್ಸು ದೂರ ಕಾಣುವುದು ಸಹಜ. ಅವರನ್ನು ನಾನು ಬೈಯುವುದಿಲ್ಲ. ಆದರೆ ಆ ಕೇಳಿಕೆಯಿಂದ ಲಾಭವಾಗುವುದು ಯಾರಿಗೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಇನ್ನೊಂದು ಕೈಚಳಕವಿದೆ. ಮಾಲೀಕನ ಪಾಲನ್ನೂ ಕೆಲಸಗಾರನ ಕೂಲಿಯಲ್ಲೇ ಮುರಿಯುವುದು. ಚೀಟಿಯಲ್ಲಿ ಫಂಡಿಗೆಂದು 3,600 ಇದ್ದರೆ ಅದೇ ಗುರುತು. ಇದನ್ನು ಕಾನೂನು ಸ್ಪಷ್ಟವಾಗಿ ನಿಷೇಧಿಸಿದೆ. ಮುರಿದ ಹಣ ಜಮೆಯಾಗುತ್ತಿದೆಯೇ ಎಂದು ನೋಡಲು ಫಂಡಿಗೆ ನೋಂದಾಯಿಸಿದ ಫೋನಿನಿಂದ 9966044425ಕ್ಕೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು.

ವರ್ತಕ ಬಂಧುಗಳಿಗೂ ಎರಡು ಮಾತು. ಮಂಡಕ್ಕಿ ಭಟ್ಟಿಯವರು, ಕಿರಾಣಿಯವರು, ಕಮಿಷನ್ ಮೇಲೆ ಮಾಲು ಮಾರುವವರು ಇಲ್ಲಿದ್ದೀರಿ. ನಿಮ್ಮ ಕಮಿಷನ್ನಿನಲ್ಲಿ ಕಂಪನಿಯವರು ಮುರಿಯುವ ಟಿ.ಡಿ.ಎಸ್. 2024ರ ಅಕ್ಟೋಬರ್ 1ರಿಂದ ನೂರಕ್ಕೆ 5ರ ಬದಲು 2 ಆಗಿದೆ. ಹಳೆಯ ದರದಲ್ಲಿ ಮುರಿದಿದ್ದರೆ ಕೇಳಿ. ನಿಮ್ಮ ಅಂಗಡಿಯ ಹುಡುಗನ ಸಂಬಳದಲ್ಲಿ ನೀವು ಏನು ಮುರಿಯುತ್ತಿದ್ದೀರಿ ಎಂಬುದನ್ನೂ ಮನೆಗೆ ಹೋಗಿ ನೋಡಿಕೊಳ್ಳಿ. ಒಡೆದ ಬಾಟಲಿಯ ಬೆಲೆಯನ್ನು ಅವನ ಮಾತು ಕೇಳದೆ ಹಿಡಿಯುವುದೂ ಕಾನೂನಿಗೆ ವಿರುದ್ಧವೇ.

ಕೂಲಿಯಲ್ಲಿ ಮನಬಂದಂತೆ ಮುರಿಯಬಾರದು ಎಂಬ ಕಾನೂನು ಈ ದೇಶಕ್ಕೆ ಬಂದದ್ದು 1936ರಲ್ಲಿ. ದಂಡ ರೂಪಾಯಿಗೆ ಅರ್ಧ ಆಣೆ ಮೀರಬಾರದು ಎಂದು ಆಗ ಬರೆದರು. ಅದರ ಜಾಗಕ್ಕೆ 2019ರ ವೇತನ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದೇ ದಿನ ಬಂದ ನಾಲ್ಕು ಸಂಹಿತೆಗಳಲ್ಲಿ ನಾವು ಒಪ್ಪದ ಸಂಗತಿ ಬೇಕಾದಷ್ಟಿವೆ, ಅದರ ಸಭೆಯನ್ನು ಬೇರೆ ಮಾಡೋಣ. ಆದರೆ ಶತ್ರುವಿನ ಕೈಯ ಕೋಲನ್ನೂ ಬಳಸಲು ಕಲಿಯಬೇಕು. ವೇತನದ ಚೀಟಿ ಕೊಡಲೇಬೇಕು ಎಂದು ಅದರಲ್ಲಿದೆ. ದಂಡ ನೂರಕ್ಕೆ 3 ಮೀರುವಂತಿಲ್ಲ, ಎಲ್ಲ ಕಡಿತ ಸೇರಿ ವೇತನದ ಅರ್ಧ ಮೀರುವಂತಿಲ್ಲ. ತಡವಾಗಿ ಬಂದರೆ ತಡವಾದಷ್ಟಕ್ಕೆ ಮಾತ್ರ ಮುರಿಯಬಹುದು, ಹತ್ತು ನಿಮಿಷಕ್ಕೆ ಅರ್ಧ ದಿನ ಹಿಡಿಯುವಂತಿಲ್ಲ. ತಪ್ಪು ಕಡಿತಕ್ಕೆ ದಾವೆ ಹಾಕಲು ಮೊದಲು 12 ತಿಂಗಳ ಗಡುವಿತ್ತು, ಈಗ ಮೂರು ವರ್ಷ. ಸಂಘವೇ ಎಲ್ಲರ ಪರವಾಗಿ ಹಾಕಬಹುದು. ಕೊಡಬೇಕಾದದ್ದನ್ನು ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕನದು.

ಒಬ್ಬೊಬ್ಬರೇ ಹೋಗಿ ಗುಮಾಸ್ತರ ಮೇಜಿನ ಮುಂದೆ ಜಗಳ ಆಡಬೇಡಿ. ಅವರೂ ಸಂಬಳದವರೇ, ಅವರ ಚೀಟಿಯಲ್ಲೂ ಇದೇ ತಪ್ಪು ಇರಬಹುದು. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಸಂಘದ ಕಚೇರಿಗೆ ಬನ್ನಿ. 2023ರ ಏಪ್ರಿಲಿನಿಂದ ಈಚೆಗಿನ ಚೀಟಿಗಳು ಎಷ್ಟು ಸಿಕ್ಕರೆ ಅಷ್ಟು ತನ್ನಿ. ಚೀಟಿ ಇಲ್ಲದವರು ಬ್ಯಾಂಕಿನ ಪಾಸ್‌ಬುಕ್ಕನ್ನು ತನ್ನಿ. ಲೆಕ್ಕ ಬಲ್ಲ ಇಬ್ಬರು ಹುಡುಗರು ಕೂತಿರುತ್ತಾರೆ, ಒಂದು ಚೀಟಿಗೆ ಐದು ನಿಮಿಷ ಬೇಕು. ಮೂಲ ಕಾಗದವನ್ನು ಯಾರ ಕೈಗೂ ಬಿಟ್ಟು ಹೋಗಬೇಡಿ, ನಮ್ಮ ಕೈಗೂ ಕೂಡ. ನಕಲು ಸಾಕು.