ಲೆಕ್ಕ ಕೇಳುವ ಪ್ರಜೆ

(ಗಿರಣಿ ಕಾರ್ಮಿಕರೂ ಅಂಗಡಿಕಾರರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಅರಸರ ಕಾಲದಲ್ಲೂ ನಮ್ಮನ್ನು ಪ್ರಜೆಗಳು ಎಂದೇ ಕರೆಯುತ್ತಿದ್ದರು. ಇಂದೂ ಪ್ರಜೆಗಳು ಎಂದೇ ಕರೆಯುತ್ತಾರೆ. ಶಬ್ದ ಬದಲಾಗಲಿಲ್ಲ, ಅದರ ಅರ್ಥ ಬದಲಾಯಿತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ಅಲ್ಲಿ ಬಂದು ಕುಳಿತವರು ಜಮೀನುದಾರರು ಮತ್ತು ವರ್ತಕರು. ಅವರಾದರೂ ಅಹವಾಲು ಹೇಳಿಕೊಳ್ಳಬಹುದಿತ್ತೇ ಹೊರತು, ಸರ್ಕಾರ ಅದರಂತೆ ನಡೆಯಲೇಬೇಕೆಂಬ ಕಟ್ಟು ಇರಲಿಲ್ಲ. ಕೂಲಿಯವನಿಗಂತೂ ಅಲ್ಲಿ ಜಾಗವೇ ಇರಲಿಲ್ಲ. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಗಿರಣಿಯ ಮಾಲೀಕನಿಗೂ ಒಂದೇ ಓಟು, ಆ ಗಿರಣಿಯಲ್ಲಿ ನೂಲು ಸುತ್ತುವ ಹೆಂಗಸಿಗೂ ಒಂದೇ ಓಟು ಎಂದಾಯಿತು. ಅಂದಿನ ಪ್ರಜೆ ಬೇಡುವವನು. ಇಂದಿನ ಪ್ರಜೆ ಒಡೆಯ.

ಆದರೆ ಒಡೆತನ ಬರಿಯ ಕಾಗದದ ಮೇಲಿದ್ದರೆ ಸಾಕೆ? ಅಂಗಡಿ ಇಟ್ಟವರು ಇಲ್ಲಿ ಬಹಳ ಮಂದಿ ಇದ್ದೀರಿ. ಗುಮಾಸ್ತನ ಕೈಗೆ ಬೀಗದ ಕೈ ಕೊಟ್ಟು, ಐದು ವರ್ಷ ಅಂಗಡಿಯ ಕಡೆ ತಲೆ ಹಾಕದೆ ಇರುವವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಒಂದು ರಾತ್ರಿ ಗಲ್ಲಾ ಎಣಿಸದೆ ಮಲಗಿದರೆ ನಿದ್ದೆ ಬಾರದು. ಆದರೆ ಮುನಿಸಿಪಾಲಿಟಿಯೆಂಬ ಅಂಗಡಿ, ವಿಧಾನಸಭೆಯೆಂಬ ಅಂಗಡಿ ನಮ್ಮವೇ ಆಗಿದ್ದರೂ ಅವುಗಳ ಗಲ್ಲಾ ಎಣಿಸುವ ಅಭ್ಯಾಸ ನಮಗಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೆ: ಓಟು ಹಾಕುವುದರಿಂದ ಪೌರನ ಕೆಲಸ ಆರಂಭವಾಗುತ್ತದೆ, ಮುಗಿಯುವುದಿಲ್ಲ. ಉಳಿದ ಕೆಲಸ ಲೆಕ್ಕ ಕೇಳುವುದು.

ಓಟಿನಿಂದಲೇ ತೊಡಗೋಣ. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಮತದಾರರ ಪಟ್ಟಿ ಬರೆಯಲು ಹೋದವರಿಗೆ ಉತ್ತರದ ಕೆಲವು ಪ್ರಾಂತ್ಯಗಳಲ್ಲಿ ಅನೇಕ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಎಂದಷ್ಟೆ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು ಹೆಸರಿಲ್ಲದ ಮತದಾರರನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಹಕ್ಕು ಇತ್ತು, ಹೆಸರು ಇರಲಿಲ್ಲ, ಓಟು ಹೋಯಿತು. ಇಂದಿಗೂ ಮನೆ ಬದಲಾಯಿಸಿದ ಬಾಡಿಗೆದಾರ, ಬೇರೆ ಊರಿನಿಂದ ಗಿರಣಿಗೆ ಬಂದ ಕೂಲಿಯವನು ಪಟ್ಟಿ ನೋಡುವುದು ಮತಗಟ್ಟೆಯ ಬಾಗಿಲಲ್ಲಿ. ಆಗ ನೋಡಿ ಏನು ಫಲ? ಹೊಸ ಹೆಸರು ಸೇರಿಸಲು 6ನೇ ನಮೂನೆ, ತಿದ್ದುಪಡಿಗೂ ವಿಳಾಸ ಬದಲಾವಣೆಗೂ 8ನೇ ನಮೂನೆ ಇವೆ. ಚುನಾವಣೆ ಬರುವ ಮೊದಲೇ ನೋಡಿಕೊಳ್ಳಿ.

ಇನ್ನು ಓಟಿನ ಬೆಲೆಯ ಮಾತು. ಕೆಲವರು 500 ರೂಪಾಯಿ ಕೊಡುತ್ತಾರೆ, ನಮ್ಮವರು ತೆಗೆದುಕೊಳ್ಳುತ್ತಾರೆ. ನಾನು ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು. ಆದ್ದರಿಂದ ಲೆಕ್ಕವನ್ನೇ ಹೇಳುತ್ತೇನೆ. ಐದು ವರ್ಷವೆಂದರೆ 1,826 ದಿನ. 500 ರೂಪಾಯಿಯನ್ನು ಅಷ್ಟು ದಿನಕ್ಕೆ ಹಂಚಿದರೆ ದಿನಕ್ಕೆ 27 ಪೈಸೆ. ಒಂದು ಬೀಡಿಯೂ ಬಾರದ ಈ ಕಾಸಿಗೆ ನಮ್ಮ ನಲ್ಲಿಯ ನೀರು, ಮಕ್ಕಳ ಶಾಲೆ, ಆಸ್ಪತ್ರೆಯ ಔಷಧಿ ಎಲ್ಲವನ್ನೂ ಬರೆದುಕೊಟ್ಟಂತಾಯಿತು. ಕೊಂಡವನು ತನ್ನ ಬಂಡವಾಳ ಎತ್ತಿಕೊಳ್ಳದೆ ಬಿಡುತ್ತಾನೆಯೆ? ಆತನ ಆಸ್ತಿ, ಸಾಲ, ಆತನ ಮೇಲಿನ ಕ್ರಿಮಿನಲ್ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಹೇಳಲೇಬೇಕೆಂದು 2002 ಮತ್ತು 2003ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಆ ಕಾಗದ ಯಾರು ಬೇಕಾದರೂ ನೋಡಬಹುದಾದ ಕಾಗದ. ಜಾತಿ ಕೇಳುವ ಮೊದಲು ಅದನ್ನು ಓದಿ.

ಗೆದ್ದ ಮೇಲೆ ಲೆಕ್ಕ ಕೇಳುವುದು ಹೇಗೆ? ಇದನ್ನು ನಮಗೆ ಕಲಿಸಿದವರು ದೊಡ್ಡ ವಿದ್ವಾಂಸರಲ್ಲ. ರಾಜಸ್ಥಾನದ ಹಳ್ಳಿಗಾಡಿನಲ್ಲಿ ಬರಗಾಲದ ಕಾಮಗಾರಿಗಳಲ್ಲಿ ಮಣ್ಣು ಹೊತ್ತವರು. ಅವರಿಗೆ ಸಿಗುತ್ತಿದ್ದುದು ಸರ್ಕಾರ ನಿಗದಿ ಮಾಡಿದ್ದಕ್ಕಿಂತ ಕಡಿಮೆ ಕೂಲಿ. ಏಕೆಂದು ಕೇಳಿದರೆ ದಫ್ತರದಲ್ಲಿ ನೀವು ಅಷ್ಟೇ ಕೆಲಸ ಮಾಡಿದ್ದೀರಿ ಎಂದಿದೆ ಎನ್ನುವರು. ದಫ್ತರ ತೋರಿಸಿ ಎಂದರೆ ಅದು ಸರ್ಕಾರದ ಗುಟ್ಟು ಎನ್ನುವರು. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮುಂತಾದವರು ಈ ಜನರೊಡನೆ 1990ರಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯನ್ನು ಕಟ್ಟಿದರು. 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾಣಾದಲ್ಲಿ ಜನರನ್ನು ಸೇರಿಸಿ, ಸಂಪಾದಿಸಿದ ದಾಖಲೆಗಳನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಇಂಥ ಸಭೆಗಳಲ್ಲಿ, ಕೆಲಸಕ್ಕೆ ಬಾರದವರ ಹೆಸರಿನಲ್ಲಿ, ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಬಯಲಾಯಿತು.

1996ರ ಏಪ್ರಿಲಿನಲ್ಲಿ ಬ್ಯಾವರ್ ಪಟ್ಟಣದ ಚಾಂಗ್ ಗೇಟಿನಲ್ಲಿ ಅವರು ಧರಣಿ ಕುಳಿತರು. ಅದು 40 ದಿನ ನಡೆಯಿತು. ಬ್ಯಾವರ್ ನಮ್ಮಂಥದೇ ಊರು, ಹತ್ತಿ ಗಿರಣಿಗಳಿಂದಲೂ ವ್ಯಾಪಾರದಿಂದಲೂ ಬೆಳೆದ ಊರು. ಅಲ್ಲಿನ ಅಂಗಡಿಯವರು ಧಾನ್ಯ ಕೊಟ್ಟರು, ತರಕಾರಿಯವರು ತರಕಾರಿ ಕೊಟ್ಟರು. ನಮ್ಮ ಹಣ, ನಮ್ಮ ಲೆಕ್ಕ ಎಂಬ ಕೂಗು ಅಲ್ಲಿಂದ ದೇಶಕ್ಕೆಲ್ಲ ಹಬ್ಬಿತು. ನಮ್ಮ ರಾಜ್ಯ 2000ದಲ್ಲೇ ತನ್ನದೊಂದು ಮಾಹಿತಿ ಹಕ್ಕಿನ ಕಾಯಿದೆ ಮಾಡಿತು. 2005ರಲ್ಲಿ ಪಾರ್ಲಿಮೆಂಟು ಮಾಹಿತಿ ಹಕ್ಕು ಕಾಯಿದೆಯನ್ನು ಮಾಡಿತು. ಆ ವರ್ಷದ ಅಕ್ಟೋಬರ್ 12ರಿಂದ ಅದು ಪೂರ್ಣವಾಗಿ ಜಾರಿಗೆ ಬಂತು.

ಆ ಕಾಯಿದೆ ಏನು ಹೇಳುತ್ತದೆ? 10 ರೂಪಾಯಿ ಶುಲ್ಕ ಕಟ್ಟಿ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಕೊಡಿ; ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ. ನಿನಗೇಕೆ ಬೇಕು ಎಂದು ಅಧಿಕಾರಿ ಕೇಳುವಂತಿಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಜೀವಕ್ಕೋ ಸ್ವಾತಂತ್ರ್ಯಕ್ಕೋ ಸಂಬಂಧಿಸಿದ್ದಾದರೆ 48 ಗಂಟೆಗಳಲ್ಲಿ. ಬಾರದಿದ್ದರೆ ಮೇಲಧಿಕಾರಿಗೆ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಸಕಾರಣವಿಲ್ಲದೆ ತಡ ಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು. ನಮಗೆ ಓದು ಬಾರದಲ್ಲ ಎಂದು ಹಿಂದೆ ಸರಿಯಬೇಡಿ. ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಬರಹಕ್ಕೆ ಇಳಿಸಲು ನೆರವಾಗುವುದು ಅಧಿಕಾರಿಯ ಕರ್ತವ್ಯವೆಂದು ಕಾಯಿದೆಯೇ ಹೇಳಿದೆ.

ಬೀದಿಯ ಚರಂಡಿ ಒಂದು ಮಳೆಗೆ ಕುಸಿದರೆ ಬೈದು ಸುಮ್ಮನಾಗಬೇಡಿ. ಅದರ ಅಂದಾಜು ಪಟ್ಟಿ, ಅಳತೆ ಪುಸ್ತಕ, ಗುತ್ತಿಗೆದಾರನಿಗೆ ಪಾವತಿಯಾದ ಬಿಲ್ಲು, ಈ ಮೂರರ ನಕಲು ಕೇಳಿ. ಟೇಪು ಹಿಡಿದು ಚರಂಡಿಯನ್ನು ನೀವೇ ಅಳೆಯಿರಿ. ಅಂಗಡಿಯ ತಕ್ಕಡಿಗೆ ಸರ್ಕಾರ ಮುದ್ರೆ ಒತ್ತುತ್ತದೆ, ಸರಿಯೇ. ಸರ್ಕಾರದ ತಕ್ಕಡಿಯನ್ನು ಪರೀಕ್ಷಿಸುವವರು ನಾವಲ್ಲದೆ ಇನ್ನಾರು? ಗಿರಣಿಯ ಅಣ್ಣಂದಿರೂ ಅಕ್ಕಂದಿರೂ ತಮ್ಮ ಸಂಬಳದಲ್ಲಿ ಹಿಡಿದ ಭವಿಷ್ಯನಿಧಿ ನಿಜವಾಗಿ ಜಮಾ ಆಗಿದೆಯೇ ಎಂದು ತಿಂಗಳು ತಿಂಗಳೂ ನೋಡಬೇಕು. ಪಾಸ್‌ಬುಕ್ಕು ಈಗ ಮೊಬೈಲಿನಲ್ಲೇ ಸಿಗುತ್ತದೆ. ಖಾಸಗಿ ಗಿರಣಿಯ ಕಚೇರಿಗೆ ಈ ಕಾಯಿದೆಯ ಅರ್ಜಿ ಹೋಗದು; ಆದರೆ ಭವಿಷ್ಯನಿಧಿ ಕಚೇರಿ ಉತ್ತರ ಕೊಡಲೇಬೇಕು.

ಕೈಗೆ ಬಂದ ಈ ಹತಾರವನ್ನು ಮೊಂಡು ಮಾಡುವ ಕೆಲಸವೂ ನಡೆದಿದೆ. 2019ರ ತಿದ್ದುಪಡಿಯಿಂದ ಮಾಹಿತಿ ಆಯುಕ್ತರ ಅವಧಿ, ಸಂಬಳಗಳನ್ನು ಗೊತ್ತುಮಾಡುವ ಅಧಿಕಾರ ಕೇಂದ್ರ ಸರ್ಕಾರದ ಕೈಗೆ ಹೋಯಿತು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ವೈಯಕ್ತಿಕ ಮಾಹಿತಿ ಎಂಬ ಹೆಸರಿನಲ್ಲಿ ದಾಖಲೆ ನಿರಾಕರಿಸುವ ದಾರಿಯನ್ನು ಅಗಲ ಮಾಡಿತು. ಹಾಜರಿ ಪಟ್ಟಿಯಲ್ಲಿ ಇರುವುದೂ ಹೆಸರುಗಳೇ ಅಲ್ಲವೆ? ಹೆಸರು ಮುಚ್ಚಿದರೆ ಸತ್ತವರ ಹೆಸರಿನ ಕೂಲಿಯನ್ನು ಹಿಡಿಯುವುದು ಹೇಗೆ? ಬಳಸದ ಹಕ್ಕನ್ನು ಕಿತ್ತುಕೊಳ್ಳುವುದು ಸುಲಭ. ದಿನವೂ ಬಳಸುವ ಹಕ್ಕಿಗೆ ಕೈ ಹಾಕಲು ಯಾವ ಸರ್ಕಾರವೂ ಅಳುಕುತ್ತದೆ.

ಭಯವಿಲ್ಲವೆಂದು ನಾನು ಹೇಳಲಾರೆ. ಪುಣೆಯ ಬಳಿಯ ತಳೇಗಾಂವಿನಲ್ಲಿ ಭೂ ಅಕ್ರಮಗಳನ್ನು ದಾಖಲೆ ಸಮೇತ ಹೊರಗೆಳೆಯುತ್ತಿದ್ದ ಸತೀಶ್ ಶೆಟ್ಟಿಯವರನ್ನು 2010ರ ಜನವರಿಯಲ್ಲಿ ಕೊಂದರು. ಒಂಟಿಯಾಗಿ ಕೇಳಿದವನನ್ನು ಬೆದರಿಸುವುದು ಸುಲಭ. ಬೀದಿಗೆ ಬೀದಿಯೇ ಕೇಳಿದರೆ ಯಾರನ್ನು ಬೆದರಿಸುತ್ತಾರೆ? ಆದ್ದರಿಂದ ವಾರ್ಡಿಗೆ ಐದು ಮಂದಿ ಸೇರಿ. ಅವರಲ್ಲಿ ಇಬ್ಬರಾದರೂ ಹೆಂಗಸರಿರಲಿ. ಕಾರ್ಮಿಕನೂ ಅಂಗಡಿಯವನೂ ಒಟ್ಟಿಗೆ ಸಹಿ ಮಾಡಲಿ. ತಿಂಗಳಿಗೆ ಒಂದೇ ಕಾಮಗಾರಿ ಹಿಡಿಯಿರಿ. ಬಂದ ಉತ್ತರವನ್ನು ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದಿ. ಕೇಳಿದ ಗಾಳಿಮಾತನ್ನು ಹಬ್ಬಿಸಬೇಡಿ, ಕೈಯಲ್ಲಿರುವ ಕಾಗದವನ್ನು ಮಾತ್ರ ನಂಬಿ. ಕೆಲಸ ಸರಿಯಾಗಿ ಆಗಿದ್ದರೆ ಆಗಿದೆಯೆಂದೇ ಹೇಳಿ. ಅದೂ ಪೌರನ ಧರ್ಮವೇ. ಮಾಡಿದ ಪಕ್ಷ ನಮ್ಮದಾಗಲಿ, ಎದುರಿನವರದಾಗಲಿ, ಅಳತೆಗೋಲು ಒಂದೇ ಇರಲಿ.

ಸಭೆ ಮುಗಿದ ಮೇಲೆ ಅರ್ಜಿ ಬರೆಯಲು ನಾನು ಇಲ್ಲೇ ಮೇಜಿನ ಬಳಿ ಕುಳಿತಿರುತ್ತೇನೆ. ಯಾವ ಚರಂಡಿ, ಯಾವ ನಲ್ಲಿ, ಯಾವ ಶಾಲೆ ಎಂಬುದನ್ನು ನೀವು ಹೇಳಿ.