ಬೆರಳು ಅದೇ, ಉಸಿರು ಬೇರೆ

ಶನಿವಾರದ ಕನ್ನಡ ತರಗತಿಗೆ ಬರುವವರಿಗೆ ನಾನು ಕಾಗುಣಿತ ತಿದ್ದುವ ಆಂಟಿ. ಇವತ್ತು ಕಾಗುಣಿತದ ಮಾತಿಲ್ಲ, ಹೆದರಬೇಡಿ. ನಿಮ್ಮಲ್ಲಿ ಸ್ಕೂಲ್ ಬ್ಯಾಂಡಿನಲ್ಲಿ ಇರುವವರು ಬಹಳ ಮಂದಿ. ಅವರಿಗೆ, ಅದರಲ್ಲೂ ಕ್ಲಾರಿನೆಟ್ ನುಡಿಸುವವರಿಗೆ, ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕೆನಿಸಿದೆ.

ನನ್ನ ಮಗಳು ಆರನೇ ತರಗತಿಯಲ್ಲಿ ಕ್ಲಾರಿನೆಟ್ ಹಿಡಿದಳು. ಮೊದಲ ವರ್ಷ ಮನೆಯಲ್ಲಿ ಬಾತುಕೋಳಿ ಸಾಕಿದ ಹಾಗಿತ್ತು. ಆಮೇಲೆ ಸ್ವರ ಕೂತಿತು. ಭಾನುವಾರ ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ನುಡಿಸಿ ತೋರಿಸುತ್ತಿದ್ದಳು. ಎಂಟನೇ ತರಗತಿಯ ಸೆಪ್ಟೆಂಬರಿನಲ್ಲಿ ಒಂದು ಸಂಜೆ, ಆ ಸಣ್ಣ ಪೆಟ್ಟಿಗೆಯ ಬದಲು ಸೂಟ್‌ಕೇಸಿನಂಥ ಪೆಟ್ಟಿಗೆಯೊಂದನ್ನು ಹೊತ್ತು ಬಂದಳು. "ಬೇಸ್ ಕ್ಲಾರಿನೆಟ್ ಅಮ್ಮ. ಇನ್ಮೇಲೆ ನಂದು ಇದೇ" ಅಂದಳು.

ನನಗೆ ಅನಿಸಿದ್ದು ಒಂದೇ: ಮಗಳನ್ನು ಹಿಂದಿನ ಸಾಲಿಗೆ ತಳ್ಳಿದ್ದಾರೆ. ಇಂಪಾದ ಭಾಗವೆಲ್ಲ ಮುಂದೆ ಕೂತವರಿಗೆ, ಇವಳ ಪಾಲಿಗೆ ಬರೀ 'ಪೂಂ ಪೂಂ'. ಅವಳನ್ನು ಒಂದು ಮಾತೂ ಕೇಳದೆ ಅವತ್ತು ರಾತ್ರಿಯೇ ಬ್ಯಾಂಡ್ ಮೇಷ್ಟರಿಗೆ ಈಮೇಲ್ ಬರೆದೆ. ಮರುದಿನ ಉತ್ತರ ಬಂತು. ಬೇಸ್ ಕ್ಲಾರಿನೆಟ್‌ಗೆ ಯಾರು ಬರುತ್ತೀರಿ ಎಂದು ಅವರು ಇಡೀ ತರಗತಿಯನ್ನು ಕೇಳಿದ್ದರಂತೆ. ಕೈ ಎತ್ತಿದವಳು ನನ್ನ ಮಗಳೊಬ್ಬಳೇ.

ವಿಷಯ ಅವಳಿಗೂ ಗೊತ್ತಾಯಿತು. "ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ, ಅದಕ್ಕೇ ಹೇಳ್ಲಿಲ್ಲ" ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ಅಭ್ಯಾಸ ಮಾಡುವಾಗ ಬಾಗಿಲು ತೆರೆದಿಡುತ್ತಿದ್ದ ಹುಡುಗಿ, ಮೂರು ವಾರ ಅದನ್ನು ತೆರೆಯಲಿಲ್ಲ.

ಹೊರಗೆ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡೆ. ಮತ್ತೆ ಬಾತುಕೋಳಿ! ಎರಡು ವರ್ಷ ಕಲಿತದ್ದು ಎಲ್ಲಿ ಹೋಯಿತು ಎಂದುಕೊಂಡೆ. ಎಲ್ಲಿಗೂ ಹೋಗಿರಲಿಲ್ಲ ಎಂದು ನಿಧಾನವಾಗಿ ತಿಳಿಯಿತು. ಎರಡೂ ವಾದ್ಯಗಳಲ್ಲಿ ಬೆರಳುಗಳ ಜೋಡಣೆ ಹೆಚ್ಚುಕಡಿಮೆ ಒಂದೇ. ಸ್ಕೂಲ್ ಬ್ಯಾಂಡಿನ ಪುಸ್ತಕದಲ್ಲಿ ಬರೆಯುವುದೂ ಅದೇ ಟ್ರೆಬಲ್ ಕ್ಲೆಫ್‌ನಲ್ಲಿ. ಕೇಳಿಸುವುದು ಮಾತ್ರ ಒಂದು ಸ್ಥಾಯಿ ಕೆಳಗೆ, ಯಾಕೆಂದರೆ ಕೊಳವೆ ಸುಮಾರು ಎರಡರಷ್ಟು ಉದ್ದ.

ಬದಲಾಗುವುದು ಬಾಯಿ ಮತ್ತು ಉಸಿರು. ಸಣ್ಣ ಕ್ಲಾರಿನೆಟ್ ಬಾಯಿಂದ ಕೆಳಕ್ಕೆ ಇಳಿಬಿದ್ದಿರುತ್ತದೆ; ಬೇಸ್ ಕ್ಲಾರಿನೆಟ್‌ನ ಬಾಗಿದ ಕತ್ತು ಮೌತ್‌ಪೀಸನ್ನು ಹೆಚ್ಚುಕಡಿಮೆ ನೇರವಾಗಿ ಬಾಯಿಗೆ ತರುತ್ತದೆ. ಮೌತ್‌ಪೀಸೂ ದೊಡ್ಡದು, ರೀಡೂ ಅಗಲ. ಅದನ್ನು ಬಾಯೊಳಗೆ ಇನ್ನಷ್ಟು ತೆಗೆದುಕೊಂಡು, ದವಡೆ ಸಡಿಲ ಬಿಟ್ಟು, ಉಸಿರನ್ನು ಧಾರಾಳವಾಗಿ ಕೊಡಬೇಕು. ಹಳೆಯ ಅಭ್ಯಾಸದಂತೆ ಕಚ್ಚಿ ಹಿಡಿದರೆ ಕೀರಲು ಬರುತ್ತದೆ. ಎ ಇಂದ ಬಿ ಗೆ ದಾಟುವ ಜಾಗದಲ್ಲಿ ನನ್ನ ಮಗಳು ಸಿಕ್ಕಿಬಿದ್ದದ್ದು ಹೀಗೆಯೇ: ಸ್ವರ ಬರಲಿಲ್ಲವೆಂದು ಇನ್ನಷ್ಟು ಬಿಗಿ ಮಾಡುತ್ತಿದ್ದಳು, ಬಿಗಿ ಮಾಡಿದಷ್ಟೂ ಅದು ಬರುತ್ತಿರಲಿಲ್ಲ.

ನೀವೂ ಈ ವಾದ್ಯಕ್ಕೆ ಬದಲಾಯಿಸುವವರಿದ್ದರೆ, ನೆಲಕ್ಕೆ ಊರುವ ಕಡ್ಡಿಯ ಎತ್ತರವನ್ನು ಮೊದಲು ಸರಿಮಾಡಿಕೊಳ್ಳಿ. ವಾದ್ಯ ನಿಮ್ಮ ಬಾಯಿಗೆ ಬರಬೇಕು, ನೀವು ಅದಕ್ಕೆ ಬಗ್ಗಬಾರದು. ಎರಡು ಭಾಗ ಜೋಡಿಸುವಾಗ ನಡುವಿನ ಸಂಪರ್ಕದ ಕೀಲಿ ಬಾಗದಂತೆ ನೋಡಿಕೊಳ್ಳಿ. ಪ್ರತಿದಿನ ಕೆಳಗಿನ ಸ್ವರಗಳನ್ನು ಉದ್ದಕ್ಕೆ ಹಿಡಿದು ಶುರುಮಾಡಿ. ಎಡ ತೋರುಬೆರಳಿನ ಕೀಲಿಯಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ತೂತು ಇರುತ್ತದೆ. ತೀರಾ ಮೇಲಿನ ಸ್ವರಗಳಿಗೆ ಬೆರಳನ್ನು ಪೂರ್ತಿ ಎತ್ತದೆ, ಜಾರಿಸಿ ಆ ತೂತನ್ನಷ್ಟೇ ತೆರೆಯಬೇಕು. ಎಷ್ಟು ಮಾಡಿದರೂ ಸ್ವರ ಬರದಿದ್ದರೆ ತಪ್ಪೆಲ್ಲ ನಿಮ್ಮದೇ ಎಂದುಕೊಳ್ಳಬೇಡಿ. ದೊಡ್ಡ ಪ್ಯಾಡುಗಳಲ್ಲಿ ಒಂದು ಸರಿಯಾಗಿ ಮುಚ್ಚದಿದ್ದರೂ ಗಾಳಿ ಸೋರುತ್ತದೆ. ಮೇಷ್ಟರಿಗೆ ತೋರಿಸಿ.

ನವೆಂಬರಿನಲ್ಲಿ ನಾನು ಬ್ಯಾಂಡಿನ ಯೂನಿಫಾರ್ಮ್ ಎಣಿಸಲು ವಾಲಂಟಿಯರ್ ಆಗಿ ಹೋಗಿದ್ದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರಿಂದ ಮಗಳು ಅವತ್ತು ಬಂದಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅದೇ ಹಾಡು, ಅದೇ ಮಕ್ಕಳು. ಆದರೂ ಏನೋ ಕಡಿಮೆ. ತಂಬೂರಿ ನಿಂತುಹೋದ ಮೇಲೂ ಹಾಡು ಮುಂದುವರಿದ ಹಾಗೆ. ಮನೆಯಲ್ಲಿ ನಾನು 'ಪೂಂ ಪೂಂ' ಅಂದುಕೊಂಡದ್ದೇ ಅಲ್ಲಿ ಇರಲಿಲ್ಲ.

ಸಂಜೆ ಅವಳಿಗೆ ಅದನ್ನು ಹೇಳಿದೆ. ಕೇಳದೆ ಈಮೇಲ್ ಬರೆದದ್ದಕ್ಕೆ ಸಾರಿಯೂ ಕೇಳಿದೆ. ಅವಳು ಏನೂ ಅನ್ನಲಿಲ್ಲ. ಲ್ಯಾಪ್‌ಟಾಪ್ ತಂದು ಚೈಕೋವ್‌ಸ್ಕಿಯ 'ನಟ್‌ಕ್ರ್ಯಾಕರ್' ಹಾಕಿದಳು. ಶುಗರ್ ಪ್ಲಮ್ ಫೇರಿಯ ನೃತ್ಯದಲ್ಲಿ ಗಂಟೆಯಂಥ ಚೆಲೆಸ್ಟಾ ನುಡಿಯುತ್ತಿದ್ದ ಹಾಗೆ, ಕೆಳಗಿಂದ ಒಂದು ದನಿ ಮೆಟ್ಟಿಲಿಳಿದು ಉತ್ತರ ಕೊಡುತ್ತದೆ. "ಇದು ಕೇಳೇ ನಾನು ಕೈ ಎತ್ತಿದ್ದು" ಅಂದಳು. ಎಷ್ಟೋ ಡಿಸೆಂಬರ್‌ಗಳಲ್ಲಿ ನಾನೂ ಅದನ್ನು ಕೇಳಿದ್ದೆ. ಆ ದನಿಯನ್ನು ಮಾತ್ರ ಕೇಳಿಸಿಕೊಂಡಿರಲಿಲ್ಲ.

ಇನ್ನೊಂದು ವಿಷಯವನ್ನೂ ಅವಳೇ ಹುಡುಕಿ ಹೇಳಿದಳು. 1838ರಲ್ಲಿ ಬೇಸ್ ಕ್ಲಾರಿನೆಟ್ಟನ್ನು ಸುಧಾರಿಸಿ ಪೇಟೆಂಟ್ ಪಡೆದವರು ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್. ಮುಂದೆ 1846ರಲ್ಲಿ ಸ್ಯಾಕ್ಸೋಫೋನಿಗೆ ಪೇಟೆಂಟ್ ಪಡೆದವರೂ ಅವರೇ. ಸ್ಯಾಕ್ಸೋಫೋನ್ ಎಂದ ಕೂಡಲೇ ನನಗೆ ನಮ್ಮ ಕದ್ರಿ ಗೋಪಾಲನಾಥ್ ನೆನಪಾದರು. ನಾಗಸ್ವರದ ಮನೆತನದಲ್ಲಿ ಹುಟ್ಟಿದವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತರು. ಕರ್ನಾಟಕ ಸಂಗೀತಕ್ಕೆ ಅದನ್ನು ಒಗ್ಗಿಸಲು ವರ್ಷಗಟ್ಟಲೆ ದುಡಿದರು. ಅವರ ಕಛೇರಿಗಳನ್ನು ಕೇಳಿ ತಲೆದೂಗಿದವಳು ನಾನು. ನನ್ನ ಮಗಳೇ ವಾದ್ಯ ಬದಲಿಸಿದಾಗ ದೂರು ಬರೆದೆ!

ಅದಕ್ಕೇ ನಿಮಗೆ ಒಂದು ಮಾತು. ವಾದ್ಯವಾಗಲಿ, ಓದುವ ವಿಷಯವಾಗಲಿ, ಬದಲಾಯಿಸಬೇಕೆನಿಸಿದರೆ ಮನೆಯಲ್ಲಿ ಮೊದಲೇ ಹೇಳಿ. ಬರೀ "ಬದಲಾಯಿಸ್ತೀನಿ" ಅನ್ನಬೇಡಿ, ನಿಮಗೆ ಹಿಡಿಸಿದ್ದು ಏನೆಂದು ಕೇಳಿಸಿ, ತೋರಿಸಿ. ನಮ್ಮಂಥ ಅಮ್ಮಂದಿರಿಗೆ ಮುಂದಿನ ಸಾಲು ಬೇಗ ಕಾಣುತ್ತದೆ, ಕೆಳಗಿನ ಸ್ವರ ಕೇಳಲು ಸ್ವಲ್ಪ ಸಮಯ ಬೇಕು. ಆ ಸಮಯ ಕೊಡಿ.

ಈಗ ಮಗಳ ಕೋಣೆಯ ಬಾಗಿಲು ತೆರೆದಿದೆ. ಕಳೆದ ಭಾನುವಾರ ಅಜ್ಜಿಗೂ ನುಡಿಸಿ ತೋರಿಸಿದಳು. "ಇದೇನೇ, ನಿನ್ನ ಪೀಪಿಗೆ ಗಂಟಲು ಒಡೆದಿದೆಯಲ್ಲೇ" ಅಂದರು ಅಜ್ಜಿ. ಮಗಳು ನಗು ತಡೆಯಲಾರದೆ ಅರ್ಧದಲ್ಲೇ ನಿಲ್ಲಿಸಿಬಿಟ್ಟಳು.